ಅಕ್ಕಿ ಗಾಳಿಸಿದ ಹಾಗೆ

ಕಳೆದ ಬೇಸಿಗೆಯಲ್ಲಿ ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಯ ಜಗುಲಿಯ ಮೇಲೆ ಚಾಪೆ ಹಾಸಿ, ಅಮ್ಮನಿಗೆ ಅಂಗಾತ ಮಲಗಲು ಹೇಳಿ, ಜರ್ಮನಿಯಲ್ಲಿ ನಾಲ್ಕು ವರ್ಷ ಕಲಿತ ಚಲನೆಯ ಪಾಠಗಳಲ್ಲಿ ತೀರ ಸರಳವಾದ ಒಂದನ್ನು ಹೇಳಿಕೊಡಲು ಕುಳಿತೆ. ಮೂರನೆಯ ವಾಕ್ಯಕ್ಕೇ ನನ್ನ ಮಾತು ನಿಂತುಹೋಯಿತು. ಬೆನ್ನುಮೂಳೆಯ ಬುಡದಲ್ಲಿದ್ದು, ಮೇಲಿನ ಮೈಯ ಭಾರವನ್ನೆಲ್ಲ ಹೊತ್ತು ಎರಡು ಕಾಲುಗಳಿಗೆ ದಾಟಿಸುವ ಆ ದೊಡ್ಡ ಮೂಳೆಯ ಚೌಕಟ್ಟಿಗೆ ನನ್ನ ಬಳಿ ಕನ್ನಡದ ಪದವಿರಲಿಲ್ಲ. 'ಸೊಂಟ' ಎಂದೆ, ಅಮ್ಮ ಸೀರೆಯ ನೆರಿಗೆ ಸಿಕ್ಕಿಸುವ ಜಾಗವನ್ನು ಮುಟ್ಟಿಕೊಂಡಳು. ಅದಲ್ಲ, ಇನ್ನೂ ಕೆಳಗೆ ಎಂದೆ, ತೊಡೆಯನ್ನು ಮುಟ್ಟಿಕೊಂಡಳು. 'ಶ್ರೋಣಿ', 'ವಸ್ತಿಕುಹರ' ಎಂಬ ಪದಗಳು ನನಗೆ ಗೊತ್ತಿದ್ದವು, ಆದರೆ ಅವು ಪಠ್ಯಪುಸ್ತಕದ ಚಿತ್ರದ ಪಕ್ಕದಲ್ಲಿ ಇರುವಂಥವು, ಜಗುಲಿಯ ಮೇಲೆ ಮಲಗಿದ ಎಪ್ಪತ್ತೊಂದು ವರ್ಷದ ಹೆಂಗಸಿನ ಮೈಯಲ್ಲಿ ಇರುವಂಥವಲ್ಲ. 'ನಿತಂಬ' ಕಾವ್ಯದ ಪಾಲಾಗಿದೆ. ಆಡುಮಾತಿನ ಪದವನ್ನು ಅಮ್ಮನ ಎದುರು ಪಾಠದ ದನಿಯಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ನಾನು ಪದ ಹುಡುಕುತ್ತ ಸುಮ್ಮನಾದ ಹೊತ್ತಿಗೆ, ಮಲಗು ಎಂದರೆ ನಮ್ಮ ಭಾಷೆಯಲ್ಲಿ ನಿದ್ದೆ ಮಾಡು ಎಂದೂ ಅರ್ಥವಾಗುವುದರಿಂದ, ಅಮ್ಮ ನಿದ್ದೆ ಹೋಗಿದ್ದಳು.

ಆ ಮಧ್ಯಾಹ್ನ ನನ್ನನ್ನು ಬಹಳ ದಿನ ಕಾಡಿತು. ಪ್ರಮಾಣಪತ್ರ ಕೈಯಲ್ಲಿತ್ತು. ಜರ್ಮನ್ ಭಾಷೆಯಲ್ಲಿ ಹನ್ನೆರಡು ಜನರ ಗುಂಪಿಗೆ ಒಂದು ಗಂಟೆ ಅಡೆತಡೆಯಿಲ್ಲದೆ ಪಾಠ ಹೇಳಬಲ್ಲೆ. ಆದರೆ ನನ್ನ ಮೈ ಬೆಳೆದದ್ದು ಕನ್ನಡದಲ್ಲಿ. ಬಿದ್ದಾಗ ಅತ್ತದ್ದು, ಎದ್ದಾಗ ಹೊಗಳಿಸಿಕೊಂಡದ್ದು, ಬಾವಿಯಿಂದ ನೀರು ಸೇದಿದ್ದು, ಮೊದಲ ಸಲ ಗೆಜ್ಜೆ ಕಟ್ಟಿದ್ದು ಎಲ್ಲವೂ ಕನ್ನಡದಲ್ಲಿ. ಆ ಮೈಯ ಬಗ್ಗೆ ಆ ಭಾಷೆಯಲ್ಲಿ ನನಗೆ ಒಂದು ಗಂಟೆ ಮಾತನಾಡಲು ಬರುವುದಿಲ್ಲ ಎನ್ನುವುದಾದರೆ, ನಾಲ್ಕು ವರ್ಷ ನಾನು ಕಲಿತದ್ದು ಎಲ್ಲಿ ಹೋಗಿ ಕೂತಿದೆ ಎಂಬ ಪ್ರಶ್ನೆ ಎದ್ದಿತು.

ಯಾರೂ ಮಾಡಿ ತೋರಿಸದ ತರಗತಿ

ನಾನು ಕಲಿತದ್ದು ಫೆಲ್ಡೆನ್‌ಕ್ರೈಸ್ ಪದ್ಧತಿ. ಅದನ್ನು ರೂಪಿಸಿದ ಮೋಶೆ ಫೆಲ್ಡೆನ್‌ಕ್ರೈಸ್ ಇಂದಿನ ಉಕ್ರೇನಿನ ಸ್ಲಾವುತಾ ಎಂಬ ಊರಿನಲ್ಲಿ 1904ರಲ್ಲಿ ಹುಟ್ಟಿ, ಹದಿಹರೆಯದಲ್ಲಿ ಪ್ಯಾಲೆಸ್ತೀನಿಗೆ ಹೋಗಿ, ಆಮೇಲೆ ಪ್ಯಾರಿಸ್‌ನಲ್ಲಿ ಎಂಜಿನಿಯರಿಂಗ್ ಓದಿ, ಜೋಲಿಯೋ ಕ್ಯೂರಿ ದಂಪತಿಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಮನುಷ್ಯ. ಜೂಡೋದಲ್ಲಿ ಕಪ್ಪು ಪಟ್ಟಿ ಪಡೆದಿದ್ದ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಜಲಾಂತರ್ಗಾಮಿ ನೌಕೆಗಳನ್ನು ಪತ್ತೆ ಹಚ್ಚುವ ಸಂಶೋಧನೆಯಲ್ಲಿದ್ದ. ಫುಟ್‌ಬಾಲ್ ಆಡುವಾಗ ಪೆಟ್ಟಾಗಿದ್ದ ಅವನ ಮಂಡಿ ಮತ್ತೆ ಮತ್ತೆ ಕೈಕೊಡುತ್ತಿತ್ತು. ಶಸ್ತ್ರಚಿಕಿತ್ಸೆಯ ಫಲಿತಾಂಶದ ಬಗ್ಗೆ ಭರವಸೆ ಇಲ್ಲದ ಕಾರಣ, ತಾನು ನಡೆಯುವುದು ಹೇಗೆ ಎಂಬುದನ್ನೇ ಒಬ್ಬ ಭೌತವಿಜ್ಞಾನಿಯ ತಾಳ್ಮೆಯಿಂದ ಗಮನಿಸತೊಡಗಿದ. ಈ ಮಂಡಿಯ ಕಥೆಯೇ ನನ್ನನ್ನು ಅವನ ಕಡೆಗೆ ಎಳೆದದ್ದು, ಏಕೆಂದರೆ ನಾನೂ ಒಂದು ಮಂಡಿಯನ್ನು ಹೊತ್ತುಕೊಂಡೇ ಹೋದವಳು.

ಏಳನೆಯ ವಯಸ್ಸಿನಿಂದ ಹದಿನಾಲ್ಕು ವರ್ಷ ಭರತನಾಟ್ಯ ಕಲಿತೆ. ಅರೆಮಂಡಿಯಲ್ಲಿ ಕೂತಾಗ ಎರಡೂ ಮಂಡಿಗಳು ಪಕ್ಕಕ್ಕೆ ಪೂರ್ತಿ ತೆರೆದುಕೊಳ್ಳಬೇಕು. ನನ್ನವು ತೆರೆದುಕೊಳ್ಳುತ್ತಿರಲಿಲ್ಲ. ಗುರುಗಳು ತಾಳ ಹಾಕುವ ತಟ್ಟುಮಣೆಯ ಮೇಲೆ ಕೋಲು ನಿಲ್ಲಿಸಿ, "ಮಂಡಿ ಬಿಡಿಸು, ಇನ್ನೂ ಕೂರು" ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ, ತಮಗೆ ಹೇಳಿಕೊಟ್ಟದ್ದನ್ನೇ ನಮಗೂ ಹೇಳಿಕೊಡುತ್ತಿದ್ದರು. ನಾನು ಪಾದಗಳನ್ನು ನೆಲದ ಮೇಲೆ ಒತ್ತಿ ಹೊರಕ್ಕೆ ತಿರುಗಿಸಿ, ಆ ತಿರುವನ್ನು ಮಂಡಿಯ ಮೂಲಕ ಮೇಲಕ್ಕೆ ತಳ್ಳುತ್ತಿದ್ದೆ. ಎದುರಿನ ಹುಡುಗಿಯನ್ನು ನೋಡಿ ಅವಳ ಆಕಾರವನ್ನು ನನ್ನ ಮೈಯಲ್ಲಿ ತರುವುದೇ ಕಲಿಕೆ ಎಂದು ನಂಬಿದ್ದೆ. ಇಪ್ಪತ್ತೊಂದಕ್ಕೆ ಬಲಮಂಡಿಯ ಒಳಭಾಗದಲ್ಲಿ ನೋವು ಶುರುವಾಯಿತು, ನೃತ್ಯ ನಿಂತಿತು, ನೋವು ನಿಲ್ಲಲಿಲ್ಲ. ಕೆಲಸದ ನಿಮಿತ್ತ ಜರ್ಮನಿಗೆ ಹೋದ ಮೇಲೆ, ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಳ್ಳುವ ಅಭ್ಯಾಸ ನನಗೇ ತಿಳಿಯದಂತೆ ಬೆಳೆದಿತ್ತು.

ತರಬೇತಿಯ ಮೊದಲ ದಿನ ಮರದ ನೆಲದ ದೊಡ್ಡ ಕೋಣೆಯಲ್ಲಿ ನಾವು ಮೂವತ್ತು ಜನ ಕಂಬಳಿಗಳ ಮೇಲೆ ಮಲಗಿದ್ದೆವು. ಕಲಿಸುವವರು ಕುರ್ಚಿಯಲ್ಲಿ ಕೂತಿದ್ದರು. "ಬಲ ಹಿಮ್ಮಡಿಯನ್ನು ನೆಲದ ಮೇಲೆ ಸ್ವಲ್ಪ ದೂರ ಕೆಳಕ್ಕೆ ಜಾರಿಸಿ, ಹಾಗೇ ವಾಪಸು ತನ್ನಿ" ಎಂದರು. ಎಷ್ಟು ದೂರ, ಎಷ್ಟು ವೇಗ ಎಂದು ನೋಡಲು ನಾನು ತಲೆ ಎತ್ತಿದೆ. ಅವರು ಕೂತ ಕಡೆಯಿಂದ ಅಲುಗಿರಲಿಲ್ಲ. ಪಕ್ಕದವರನ್ನು ನೋಡಿದೆ, ಮೂವತ್ತು ಜನರ ಹಿಮ್ಮಡಿಗಳು ಮೂವತ್ತು ರೀತಿಯಲ್ಲಿ ಜಾರುತ್ತಿದ್ದವು, ಯಾರನ್ನೂ ಯಾರೂ ತಿದ್ದುತ್ತಿರಲಿಲ್ಲ. ಒಂದಷ್ಟು ಹೊತ್ತಾದ ಮೇಲೆ ಅವರು ಮೆಲ್ಲಗೆ, "ಹಿಮ್ಮಡಿ ಜಾರುವಾಗ ತಲೆಗೆ ಏನಾದರೂ ತಲುಪುತ್ತದೆಯೇ?" ಎಂದು ಕೇಳಿದರು. ತಲೆಗೂ ಹಿಮ್ಮಡಿಗೂ ಏನು ಸಂಬಂಧ ಎಂದುಕೊಂಡು ಸುಮ್ಮನೆ ಕಾದೆ. ಆಗ ಎಡಗಾಲಿನಲ್ಲಿ ಮಾಡಿ ನೋಡಿದರೆ ಗದ್ದ ಒಂದಿಷ್ಟೇ ಇಷ್ಟು ಕೆಳಕ್ಕೆ ಬಂದು ಹೋಗುತ್ತಿತ್ತು. ಬಲಗಾಲಿನಲ್ಲಿ ಮಾಡಿದರೆ ಏನೂ ತಲುಪುತ್ತಿರಲಿಲ್ಲ. ಎಲ್ಲೋ ನಡುವೆ ಆ ಚಲನೆ ತಡೆದು ನಿಂತುಬಿಡುತ್ತಿತ್ತು. ಹದಿನಾಲ್ಕು ವರ್ಷ ಕನ್ನಡಿಯೆದುರು ಕುಣಿದ ನನಗೆ ನನ್ನ ಎರಡು ಕಾಲುಗಳು ಇಷ್ಟು ಬೇರೆಯಾಗಿವೆ ಎಂಬುದು ಅಂದಿನವರೆಗೆ ತಿಳಿದಿರಲಿಲ್ಲ.

ಈ ಪದ್ಧತಿಯ ಗುಂಪುಪಾಠಗಳಲ್ಲಿ ಕಲಿಸುವವರು ಮಾಡಿ ತೋರಿಸುವುದಿಲ್ಲ. ಅದೊಂದು ಹಟವಲ್ಲ, ಅದಕ್ಕೆ ಕಾರಣವಿದೆ. ತೋರಿಸಿದರೆ ಕಲಿಯುವವರು ಆಕಾರವನ್ನು ನಕಲು ಮಾಡುತ್ತಾರೆ, ನಕಲು ಮಾಡುವಾಗ ಗಮನ ಹೊರಗಿರುತ್ತದೆ. ಬರೀ ಮಾತು ಕೇಳಿದರೆ ಆ ಮಾತನ್ನು ಮೈಯಲ್ಲಿ ಹುಡುಕಬೇಕಾಗುತ್ತದೆ. ಹಾಗಾಗಿ ಇಲ್ಲಿ ಮಾತೇ ಮುಖ್ಯ ಸಾಧನ. ಪದ ತಪ್ಪಿದರೆ ಪಾಠವೇ ತಪ್ಪುತ್ತದೆ, ಪದ ಇಲ್ಲದಿದ್ದರೆ ಪಾಠವೇ ಇಲ್ಲ. ಜಗುಲಿಯ ಮೇಲೆ ನನಗಾದದ್ದು ಇದೇ.

ನಿಂಬೆಹಣ್ಣು, ಅಕ್ಕಿ ಮೂಟೆ

ಎಲ್ಲ ಪಾಠಗಳಲ್ಲೂ ಮತ್ತೆ ಮತ್ತೆ ಬರುವ ಸೂಚನೆ ಒಂದೇ: ಇನ್ನೂ ಕಡಿಮೆ ಮಾಡಿ, ಇನ್ನೂ ನಿಧಾನವಾಗಿ ಮಾಡಿ. ಮೊದಲ ವರ್ಷ ನನಗಿದು ಸೋಮಾರಿತನದ ಉಪದೇಶದಂತೆ ಕೇಳಿಸಿತು. ಇದರ ಹಿಂದಿರುವುದು ಜರ್ಮನಿಯ ಲೈಪ್‌ಜಿಗ್ ನಗರದ ಅರ್ನ್ಸ್ಟ್ ವೇಬರ್ 1834ರಲ್ಲಿ ಪ್ರಕಟಿಸಿದ ಸ್ಪರ್ಶದ ಅಧ್ಯಯನ. ಎರಡು ಭಾರಗಳ ನಡುವಣ ವ್ಯತ್ಯಾಸ ನಮಗೆ ತಿಳಿಯಬೇಕಾದರೆ, ಆ ವ್ಯತ್ಯಾಸ ಮೊದಲಿನ ಭಾರದ ಒಂದು ನಿರ್ದಿಷ್ಟ ಅಂಶದಷ್ಟಾದರೂ ಇರಬೇಕು. ಎತ್ತಿ ನೋಡುವ ಭಾರಗಳಲ್ಲಿ ಅದು ಸರಿಸುಮಾರು ನಲವತ್ತರಲ್ಲಿ ಒಂದು ಪಾಲು. ಅಂಗೈಯಲ್ಲಿ ಒಂದು ನಿಂಬೆಹಣ್ಣು ಇದ್ದು, ಅದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟರೆ ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತದೆ. ಬೆನ್ನ ಮೇಲೆ 50 ಕಿಲೋ ಅಕ್ಕಿ ಮೂಟೆ ಇರುವಾಗ ಅದರ ಮೇಲೆ ನಿಂಬೆಹಣ್ಣು ಇಟ್ಟರೆ ಗೊತ್ತಾಗುವುದಿಲ್ಲ. ಒಂದು ಕಿಲೋಗೂ ಹೆಚ್ಚು ಸೇರಿಸಿದರೆ ಮಾತ್ರ ಗೊತ್ತಾದೀತು. ಬಲ ಹಾಕಿ ಮಾಡುವ ಚಲನೆ ಮೂಟೆ ಹೊತ್ತ ಸ್ಥಿತಿ. ಅಲ್ಲಿ ಒಳಗಿನ ಸಣ್ಣ ವ್ಯತ್ಯಾಸಗಳು ಕೇಳಿಸುವುದಿಲ್ಲ, ಕೇಳಿಸದಿದ್ದರೆ ಆರಿಸಿಕೊಳ್ಳಲು ಏನೂ ಇರುವುದಿಲ್ಲ. ನಾನು ಅರೆಮಂಡಿಯಲ್ಲಿ ಹದಿನಾಲ್ಕು ವರ್ಷ ಮೂಟೆ ಹೊತ್ತಿದ್ದೆ.

ಇನ್ನೂ ಒಂದು ಕಷ್ಟವಿದೆ, ಅದನ್ನು ಅತ್ಯಂತ ಸ್ಪಷ್ಟವಾಗಿ ಕಂಡವನು ಫೆಲ್ಡೆನ್‌ಕ್ರೈಸ್‌ಗಿಂತ ಮೊದಲೇ ತನ್ನದೊಂದು ಪದ್ಧತಿಯನ್ನು ಕಟ್ಟಿದ ಫ್ರೆಡರಿಕ್ ಮಥಾಯಸ್ ಅಲೆಕ್ಸಾಂಡರ್. 1869ರಲ್ಲಿ ಟಾಸ್ಮೇನಿಯಾದಲ್ಲಿ ಹುಟ್ಟಿದ ಈತ ವೇದಿಕೆಯ ಮೇಲೆ ಕಾವ್ಯವಾಚನ ಮಾಡುತ್ತಿದ್ದವನು. ವಾಚನ ಮಾಡುವಾಗಲೇ ದನಿ ಕಟ್ಟಿಹೋಗುತ್ತಿತ್ತು. ವೈದ್ಯರಿಂದ ಗುಣ ಕಾಣದೆ ಕನ್ನಡಿಗಳ ಮುಂದೆ ನಿಂತು ತನ್ನನ್ನೇ ನೋಡಿಕೊಂಡ. ಮಾತು ಶುರುಮಾಡುವ ಕ್ಷಣದಲ್ಲಿ ತಾನು ತಲೆಯನ್ನು ಹಿಂದಕ್ಕೂ ಕೆಳಕ್ಕೂ ಎಳೆದುಕೊಳ್ಳುತ್ತೇನೆ ಎಂಬುದು ಕಂಡಿತು. ಅದನ್ನು ತಿದ್ದಲು ತಲೆಯನ್ನು ಮುಂದಕ್ಕೆ ತಂದ. ತಂದೆನೆಂದು ಖಚಿತವಾಗಿ ಅನ್ನಿಸಿತು. ಕನ್ನಡಿಯಲ್ಲಿ ನೋಡಿದರೆ ತಲೆ ಇನ್ನಷ್ಟು ಹಿಂದಕ್ಕೆ ಹೋಗಿತ್ತು. ಅನ್ನಿಸುವುದಕ್ಕೂ ಆಗುವುದಕ್ಕೂ ನಡುವೆ ಇರುವ ಈ ಅಂತರ ಗೊತ್ತಾದ ಮೇಲೆ, ಮಕ್ಕಳಿಗೆ "ನೆಟ್ಟಗೆ ಕೂರು" ಎಂದು ಹೇಳುವಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಬಾಗಿ ಕೂತ ಮಗುವಿಗೆ ತಾನು ಬಾಗಿದ್ದೇನೆ ಎಂದು ಅನ್ನಿಸುತ್ತಿಲ್ಲ. ಆಜ್ಞೆ ಕೇಳಿದ ಕೂಡಲೇ ಅದು ಎದೆ ಎತ್ತಿ ಸೊಂಟದ ಹಿಂಭಾಗವನ್ನು ಬಿಗಿಹಿಡಿಯುತ್ತದೆ, ಅರ್ಧ ನಿಮಿಷದಲ್ಲಿ ದಣಿಯುತ್ತದೆ, ಮತ್ತೆ ಬಾಗುತ್ತದೆ. ನಾವು ಅದನ್ನು ಮಾತು ಕೇಳದ ಮಗು ಎನ್ನುತ್ತೇವೆ.

ಕಾಲು ಎಲ್ಲಿಂದ ಶುರುವಾಗುತ್ತದೆ

ಎರಡನೆಯ ವರ್ಷದ ಒಂದು ಬೆಳಿಗ್ಗೆ ಕಲಿಸುವವರು ನಮ್ಮೆಲ್ಲರಿಗೂ ಎದ್ದು ನಿಂತು, ಕಾಲು ಮುಂಡಕ್ಕೆ ಸೇರುವ ಕೀಲು ಎಲ್ಲಿದೆ ಎಂದು ಒಂದು ಬೆರಳಿನಿಂದ ಮುಟ್ಟಿ ತೋರಿಸಿ ಎಂದರು. ನಾನು ಹಿಂದೆ ಮುಂದೆ ನೋಡದೆ ಪಕ್ಕಕ್ಕೆ, ಸೀರೆ ಅಥವಾ ಪ್ಯಾಂಟು ನಿಲ್ಲುವ ಎಲುಬಿನ ಅಂಚನ್ನು ಮುಟ್ಟಿದೆ. ಅವರು ಬಂದು ಮಾತಿಲ್ಲದೆ ನನ್ನ ಬೆರಳನ್ನು ಹಿಡಿದು ಒಂದು ಗೇಣು ಕೆಳಕ್ಕೆ, ಪಕ್ಕದಿಂದ ಮುಂದಕ್ಕೆ ತಂದು, ತೊಡೆಸಂದಿನ ಮಡಿಕೆಯ ನಡುಭಾಗದಲ್ಲಿ ಇಟ್ಟು, "ಇಲ್ಲಿ, ಆದರೆ ಆಳದಲ್ಲಿ" ಎಂದರು. ನಾನು ಒಂದು ಕಾಲನ್ನು ಎತ್ತಿ ಇಳಿಸಿ ನೋಡಿದೆ. ಬೆರಳಿನ ಕೆಳಗೆ, ಬಹಳ ಒಳಗೆ, ತೊಡೆಮೂಳೆಯ ಗುಂಡುತಲೆ ತನ್ನ ಬಟ್ಟಲಿನಲ್ಲಿ ಹೊರಳುವುದು ಅಸ್ಪಷ್ಟವಾಗಿ ತಿಳಿಯಿತು.

ನನಗೆ ಅಳು ಬಂತು. ಮೂವತ್ತಾರು ವರ್ಷ ನಾನು ನನ್ನ ಕಾಲು ಎಲ್ಲಿಂದ ಶುರುವಾಗುತ್ತದೆ ಎಂದು ತಪ್ಪು ತಿಳಿದಿದ್ದೆ. ಅರೆಮಂಡಿಗೆ ಬೇಕಾದ ತಿರುವು ಹುಟ್ಟಬೇಕಾದದ್ದು ಈ ಗುಂಡುತಲೆಯಲ್ಲಿ, ಏಕೆಂದರೆ ಎಲ್ಲ ದಿಕ್ಕಿಗೂ ತಿರುಗಲು ಆಗುವಂತೆ ರೂಪುಗೊಂಡ ಕೀಲು ಇದು. ಮಂಡಿ ಮುಖ್ಯವಾಗಿ ಬಾಗಿಲಿನ ತಿರುಗಣಿಯ ಹಾಗೆ ಮಡಚುವ, ಬಿಡಿಸುವ ಕೀಲು. ಬಾಗಿದಾಗ ಸ್ವಲ್ಪ ತಿರುಗೀತು, ಅಷ್ಟೇ. ಕಾಲಿನ ಬುಡ ಸೊಂಟಪಟ್ಟಿಯಲ್ಲಿದೆ ಎಂದು ನಂಬಿದವಳ ಮೈ ಆ ಗುಂಡುತಲೆಯನ್ನು ಬಳಸಲೇ ಇಲ್ಲ, ತಿರುವನ್ನೆಲ್ಲ ಮಂಡಿಯ ಮೇಲೆ ಹೇರಿತು. ಅಲೆಕ್ಸಾಂಡರ್ ಪದ್ಧತಿಯವರಲ್ಲಿ ಕೆಲವರು, ವಿಶೇಷವಾಗಿ ಸಂಗೀತಗಾರರಿಗೆ ಕಲಿಸುವವರು, ಇದನ್ನು ದೇಹದ ನಕ್ಷೆ ಎನ್ನುತ್ತಾರೆ: ಮೂಳೆಗಳು ಇರುವಂತೆ ನಾವು ಚಲಿಸುವುದಿಲ್ಲ, ನಮ್ಮ ಮನಸ್ಸಿನ ನಕ್ಷೆ ಇರುವಂತೆ ಚಲಿಸುತ್ತೇವೆ.

ಆ ನಕ್ಷೆಯನ್ನು ನನಗೆ ಬರೆದುಕೊಟ್ಟದ್ದು ಯಾರು ಎಂದು ಅಂದಿನಿಂದ ಯೋಚಿಸಿದ್ದೇನೆ. ಗುರುಗಳು ಮಾತ್ರವಲ್ಲ, ಭಾಷೆಯೂ ಬರೆದಿದೆ. ಮಗು ಕೂರುವುದು ಸೊಂಟ, ಡಾಬು ಕಟ್ಟುವುದು ಸೊಂಟ, ಮುದುಕರು ಹಿಡಿದುಕೊಳ್ಳುವುದು ಸೊಂಟ, ನೃತ್ಯದಲ್ಲಿ ಬಾಗಬಾರದ್ದು ಸೊಂಟ, ಜಾರಿ ಬಿದ್ದ ಅಜ್ಜಿ ಮುರಿದುಕೊಂಡದ್ದೂ ಸೊಂಟ. ಪಕ್ಕೆಲುಬಿನ ಕೆಳಗಿನಿಂದ ತೊಡೆಯ ಮೇಲಿನವರೆಗಿನ ಇಷ್ಟು ದೊಡ್ಡ ಪ್ರದೇಶಕ್ಕೆ ಒಂದೇ ಪದ, ಮತ್ತು ಆ ಪದ ಬೊಟ್ಟುಮಾಡುವುದು ಎಲ್ಲಕ್ಕಿಂತ ಮೇಲಿನ ಅಂಚಿಗೆ. ಉಳಿದ ಕಡೆ ಕನ್ನಡ ಇಷ್ಟು ಬಡವಾಗಿಲ್ಲ. ಮುಂಗೈ, ಅಂಗೈ, ಮಣಿಕಟ್ಟು, ಮೊಣಕೈ, ರಟ್ಟೆ, ಹೆಗಲು, ಕಂಕುಳು. ಹಿಮ್ಮಡಿ, ಅಂಗಾಲು, ಹರಡು, ಮೀನಖಂಡ ಎಂದು ಕೈಕಾಲುಗಳ ಉದ್ದಕ್ಕೂ ಪದಗಳಿವೆ. ಮೈಯ ನಟ್ಟನಡುವಿಗೆ ಬಂದಾಗ ಮಾತ್ರ ನಾಚಿಕೆ ಅಡ್ಡ ಬಂದು, ಇದ್ದ ಪದಗಳನ್ನು ಬೈಗುಳಕ್ಕೂ ಕಾವ್ಯಕ್ಕೂ ಹಂಚಿಬಿಟ್ಟಿದೆ.

ತೀರ ಕೀಳರಿಮೆಯೂ ಬೇಡ. ಫೆಲ್ಡೆನ್‌ಕ್ರೈಸ್ ಟೆಲ್ ಅವೀವ್‌ನ ಅಲೆಕ್ಸಾಂಡರ್ ಯಾನೈ ಬೀದಿಯಲ್ಲಿ ವರ್ಷಗಟ್ಟಲೆ ಗುಂಪುಪಾಠ ನಡೆಸುತ್ತಿದ್ದ. ಧ್ವನಿಮುದ್ರಣವಾದ ಆ ಪಾಠಗಳು ಐನೂರಕ್ಕೂ ಹೆಚ್ಚು, ಎಲ್ಲವೂ ಹೀಬ್ರೂ ಭಾಷೆಯಲ್ಲಿ. ಅವು ಇಂಗ್ಲಿಷಿಗೆ ಬಂದು, ಅಲ್ಲಿಂದ ಇತರ ಭಾಷೆಗಳ ತರಗತಿಗಳಿಗೆ ಹರಡಿದವು. ಹೀಬ್ರೂ ಬಲ್ಲ ಸಹಪಾಠಿಯೊಬ್ಬಳು ಒಮ್ಮೆ ಹೇಳಿದಳು: ಅವರಲ್ಲಿ 'ರೆಗೆಲ್' ಎಂದರೆ ಪಾದವೂ ಹೌದು, ಇಡೀ ಕಾಲೂ ಹೌದು, 'ಯಾದ್' ಎಂದರೆ ಹಸ್ತವೂ ಹೌದು, ತೋಳೂ ಹೌದು. ನಮ್ಮ 'ಕಾಲು', 'ಕೈ' ಇರುವುದೂ ಹಾಗೆಯೇ ಅಲ್ಲವೇ ಎಂದೆ. ಇಂಗ್ಲಿಷಿಗೆ ತರುವವರು ಪ್ರತಿ ಸಲವೂ ಇದು ಪಾದವೋ ಕಾಲೋ ಎಂದು ನಿರ್ಧರಿಸಬೇಕು. ಕನ್ನಡಕ್ಕೆ ತರುವವರಿಗೆ ಆ ಕಷ್ಟವಿಲ್ಲ. "ಕಾಲನ್ನು ಎತ್ತಿ" ಎಂದಾಗ ಬೆರಳತುದಿಯಿಂದ ತೊಡೆಯ ಬುಡದವರೆಗೆ ಎಲ್ಲಿಂದ ಎತ್ತುವುದೆಂಬ ಆಯ್ಕೆ ಕೇಳುವವರಿಗೇ ಉಳಿಯುತ್ತದೆ, ಮೂಲ ಪಾಠದಲ್ಲೂ ಅದು ಉಳಿದಿತ್ತು.

ಗಂಟೆಗಳ ಲೆಕ್ಕ

ತರಬೇತಿಗೆ ಸೇರಬೇಕೇ ಎಂದು ನನ್ನನ್ನು ಕೇಳುವವರು ಮೊದಲು ಕೇಳುವುದು ಎಷ್ಟು ಗಂಟೆ, ಎಷ್ಟು ಖರ್ಚು, ಏನು ಪ್ರಯೋಜನ ಎಂದು. ಫೆಲ್ಡೆನ್‌ಕ್ರೈಸ್ ಮೊದಲ ಸಲ ಶಿಕ್ಷಕರನ್ನು ತಯಾರು ಮಾಡಿದ್ದು 1969ರಲ್ಲಿ, ಟೆಲ್ ಅವೀವ್‌ನಲ್ಲಿ, 13 ಜನರಿಗೆ. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, 1980ರಲ್ಲಿ ಅಮೆರಿಕದ ಆಮ್ಹರ್ಸ್ಟ್‌ನಲ್ಲಿ ದೊಡ್ಡ ಗುಂಪುಗಳಿಗೆ ಕಲಿಸಿದ. ಆಮ್ಹರ್ಸ್ಟ್ ತರಬೇತಿ ಮುಗಿಯುವ ಮೊದಲೇ ಕಾಯಿಲೆ ಬಿದ್ದು 1984ರಲ್ಲಿ ತೀರಿಕೊಂಡ. ಆಗಿನ ವಿಡಿಯೋಗಳನ್ನು ಇಂದಿಗೂ ತರಬೇತಿಗಳಲ್ಲಿ ತೋರಿಸುತ್ತಾರೆ, ನಾವೂ ಮಧ್ಯಾಹ್ನಗಳಲ್ಲಿ ನೆಲದ ಮೇಲೆ ಒರಗಿ ಅವನ್ನು ನೋಡಿದೆವು. ಈಗಿನ ತರಬೇತಿ ಸುಮಾರು 800 ಗಂಟೆ, ಮೂರರಿಂದ ನಾಲ್ಕು ವರ್ಷ, ವರ್ಷಕ್ಕೆ ಸುಮಾರು 40 ದಿನ ಕಂತುಕಂತಾಗಿ. ಅಲೆಕ್ಸಾಂಡರ್ ಪದ್ಧತಿಯಲ್ಲಿ ಶಿಕ್ಷಕರ ತರಬೇತಿ 1931ರಲ್ಲಿ ಲಂಡನ್‌ನಲ್ಲಿ ಶುರುವಾಯಿತು, ಅದು ಸಾಮಾನ್ಯವಾಗಿ ಮೂರು ವರ್ಷ, 1600 ಗಂಟೆ. ಇವೆಲ್ಲವನ್ನೂ ಒಂದೇ ಹೆಸರಿನಡಿ ತಂದು 'ಸೊಮಾಟಿಕ್ಸ್' ಎಂದು ಕರೆದವನು 1976ರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ಥಾಮಸ್ ಹಾನಾ. ಹೊರಗಿನಿಂದ ನೋಡಿದ ದೇಹವಲ್ಲ, ಒಳಗಿನಿಂದ ಅನುಭವಿಸಿದ ದೇಹ ಎಂಬ ಅರ್ಥದಲ್ಲಿ.

ಖರ್ಚು ನನ್ನ ಮಟ್ಟಿಗೆ ಒಂದು ಸಣ್ಣ ಕಾರಿನಷ್ಟಾಯಿತು, ರಜೆಗಳೆಲ್ಲ ಹೋದವು. ಪ್ರಯೋಜನದ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕು. ಅಲೆಕ್ಸಾಂಡರ್ ಪದ್ಧತಿಯ ಮೇಲೆ ಇಂಗ್ಲೆಂಡಿನಲ್ಲಿ ಬೆನ್ನುನೋವಿನ 579 ರೋಗಿಗಳೊಂದಿಗೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಸಾಮಾನ್ಯ ಚಿಕಿತ್ಸೆ ಪಡೆದವರಿಗೆ ನಾಲ್ಕು ವಾರಗಳಲ್ಲಿ 21 ದಿನ ನೋವಿದ್ದರೆ, 24 ಪಾಠ ಪಡೆದವರಿಗೆ 3 ದಿನ ನೋವಿತ್ತು. ಇನ್ನೊಂದು ಕಡೆ, ಆಸ್ಟ್ರೇಲಿಯಾ ಸರ್ಕಾರ ನಡೆಸಿದ ಪರಿಶೀಲನೆ 2015ರಲ್ಲಿ ಈ ಪದ್ಧತಿಗಳು ಪರಿಣಾಮಕಾರಿ ಎನ್ನಲು ಸ್ಪಷ್ಟ ಪುರಾವೆ ಸಾಲದು ಎಂದಿತು. 2019ರ ಏಪ್ರಿಲ್‌ನಿಂದ ಅಲೆಕ್ಸಾಂಡರ್, ಫೆಲ್ಡೆನ್‌ಕ್ರೈಸ್, ಯೋಗ ಸೇರಿದಂತೆ ಹಲವಕ್ಕೆ ಅಲ್ಲಿ ಖಾಸಗಿ ಆರೋಗ್ಯ ವಿಮೆಯ ನೆರವು ನಿಂತಿತು. ನಾನು ಎರಡನ್ನೂ ಒಪ್ಪುತ್ತೇನೆ. ಇದು ಚಿಕಿತ್ಸೆ ಎಂದು ಮಾರುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ನನ್ನ ಮಂಡಿಯ ಸವೆತ ಮೊದಲಿದ್ದಷ್ಟೇ ಇದೆ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುವುದಿಲ್ಲ ಎಂಬುದಷ್ಟೇ ನಾನು ಹೇಳಬಹುದಾದ ಮಾತು. ಇದು ಕಲಿಕೆ, ಭಾಷೆ ಕಲಿತ ಹಾಗೆ.

ನಮ್ಮವರು ಕೂಡಲೇ ಹೇಳುವ ಇನ್ನೊಂದು ಮಾತಿದೆ: ಇದೆಲ್ಲ ನಮ್ಮ ಯೋಗದಲ್ಲಿ ಮೊದಲೇ ಇದೆ. ಮೈಸೂರಿನ ಬಗ್ಗೆ ನನಗೂ ಹೆಮ್ಮೆಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಕೃಷ್ಣಮಾಚಾರ್ಯರು ನಡೆಸಿದ ಯೋಗಶಾಲೆಯಿಂದಲೇ ಪಟ್ಟಾಭಿ ಜೋಯಿಸರೂ, ಕೋಲಾರದ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರರೂ ಹೊರಟು ಲೋಕಕ್ಕೆ ಆಸನಗಳನ್ನು ಕಲಿಸಿದರು. ಆದರೆ ಆಸನಕ್ಕೆ ಒಂದು ತಲುಪಬೇಕಾದ ರೂಪವಿದೆ, ಅದನ್ನು ತೋರಿಸುವ, ತಿದ್ದುವ ಗುರುವಿದ್ದಾರೆ. ಅದು ಒಂದು ದಾರಿ. ರೂಪವನ್ನೇ ಮುಂದಿಡದೆ, ಎರಡು ಪ್ರಯತ್ನಗಳ ನಡುವಣ ವ್ಯತ್ಯಾಸವನ್ನು ಮಾತ್ರ ಕೇಳಿಸಿಕೊಳ್ಳಲು ಹೇಳುವುದು ಬೇರೆ ದಾರಿ. ಒಂದನ್ನು ಇನ್ನೊಂದರ ಹೆಸರಿನಲ್ಲಿ ಮುಚ್ಚಿಹಾಕಿದರೆ ಎರಡನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ. ಒಂದು ತಿಂಗಳಲ್ಲಿ 200 ಗಂಟೆ ಮುಗಿಸಿ ಯೋಗ ಶಿಕ್ಷಕರಾಗಿ ಹೊರಬರುವವರನ್ನು ಕಂಡಾಗ, ಗಂಟೆಗಳು ಕಡಿಮೆಯಾದವು ಎಂಬುದಕ್ಕಿಂತ ನಡುವೆ ಬಿಡುವು ಇಲ್ಲವಲ್ಲ ಎಂದು ನನಗೆ ಬೇಸರವಾಗುತ್ತದೆ. ನನಗೆ ಕಾಲಿನ ಬುಡ ಗೊತ್ತಾದದ್ದು ತರಗತಿಯಲ್ಲಿ. ಅದು ಮೈಗೂಡಿದ್ದು ಆಮೇಲಿನ ಐದು ತಿಂಗಳಲ್ಲಿ, ಬಸ್ಸಿಗೆ ಕಾಯುತ್ತ, ಪಾತ್ರೆ ತೊಳೆಯುತ್ತ.

ಬೋಗುಣಿ

'ಮೈಗೂಡು' ಎಂಬ ಪದವನ್ನು ಈಗಷ್ಟೇ ಬರೆದೆ. ಮೈ ಎಂಬ ಈ ಒಂದಕ್ಷರ ದೇಹವಲ್ಲ, ಶರೀರವಲ್ಲ. ಶರೀರವನ್ನು ವೈದ್ಯರು ಪರೀಕ್ಷಿಸುತ್ತಾರೆ. ಮೈ ಮುರಿಯುವುದು, ಮೈ ಚಳಿ ಬಿಡುವುದು, ಮೈಯೆಲ್ಲ ಕಣ್ಣಾಗುವುದು ನಾವೇ. ಒಳಗಿನಿಂದ ಅನುಭವಿಸಿದ ದೇಹಕ್ಕೆ ಹಾನಾ ಗ್ರೀಕಿನಿಂದ ಪದ ತರಬೇಕಾಯಿತು, ನಮ್ಮಲ್ಲಿ ಅದು ಅಡುಗೆಮನೆಯಲ್ಲೇ ಇದೆ. ಬಳಸದೆ ಬಳಸದೆ ಸ್ನಾಯುಗಳ ಮೇಲಿನ ಅರಿವನ್ನೇ ಕಳೆದುಕೊಳ್ಳುವುದನ್ನು ಅವನು ಒಂದು ಬಗೆಯ ಮರೆವು ಎಂದ; ಮೈಮರೆವು ಎಂದರೆ ನಮ್ಮ ಅಜ್ಜಿಗೂ ತಿಳಿಯುತ್ತಿತ್ತು.

ಜಗುಲಿಯ ಪಾಠ ಕೆಟ್ಟ ಮೂರು ದಿನಗಳ ನಂತರ, ರಾತ್ರಿ ಊಟವಾದ ಮೇಲೆ, ಜರ್ಮನ್ ಪದದ ವಿಷಯವನ್ನು ಅಮ್ಮನಿಗೆ ಹೇಳಿದೆ. ಅವರು ಆ ಮೂಳೆಯ ಚೌಕಟ್ಟನ್ನು 'ಬೆಕೆನ್' ಎನ್ನುತ್ತಾರೆ, ಅದಕ್ಕೆ ಬೋಗುಣಿ ಎಂಬ ಅರ್ಥವೂ ಇದೆ ಎಂದೆ. "ಹಾಗಿದ್ರೆ ಬೋಗುಣಿ ಅಂತಲೇ ಹೇಳಬಹುದಿತ್ತಲ್ಲೇ, ಅದಕ್ಕೆ ಮೂರು ದಿನ ಯಾಕೆ ಬೇಕಿತ್ತು ಮಾರಾಯ್ತಿ" ಎಂದಳು. ಚಾಪೆ ಹಾಸಿದೆವು. ಮಂಡಿಗಳನ್ನು ಮಡಿಸಿ, ಪಾದಗಳನ್ನು ನೆಲಕ್ಕೆ ಊರಿ ಅಂಗಾತ ಮಲಗಿದಳು. ಈ ಪಾಠದಲ್ಲಿ ಆ ಚೌಕಟ್ಟಿನ ಹಿಂಭಾಗದಲ್ಲಿ ಒಂದು ಗಡಿಯಾರದ ಮುಖವಿದೆ ಎಂದು ಕಲ್ಪಿಸಿಕೊಳ್ಳಬೇಕು. ತಲೆಯ ಕಡೆಗೆ ಹನ್ನೆರಡು, ಬಾಲದ ಮೂಳೆಯ ಕಡೆಗೆ ಆರು, ಎರಡು ಪಕ್ಕಗಳಿಗೆ ಮೂರು ಮತ್ತು ಒಂಬತ್ತು. ಭಾರವನ್ನು ಹನ್ನೆರಡರಿಂದ ಆರಕ್ಕೆ, ಮೂರರಿಂದ ಒಂಬತ್ತಕ್ಕೆ ಉರುಳಿಸಿ, ಕೊನೆಗೆ ಸುತ್ತಲೂ ಒಯ್ಯಬೇಕು. ನಾನು ಬೋಗುಣಿಯಲ್ಲಿ ನೀರಿದೆ, ಅದನ್ನು ತಲೆಯ ಕಡೆಗೆ ವಾಲಿಸು ಎಂದೆ. ಅಮ್ಮ ಎರಡು ಸಲ ವಾಲಿಸಿದಳು. ಆಮೇಲೆ ನಾನು ಹೇಳುವ ಮೊದಲೇ ಅಂಚಿನ ಉದ್ದಕ್ಕೂ ಸುತ್ತಿಸತೊಡಗಿ, "ಓ, ಅಕ್ಕಿ ಗಾಳಿಸಿದ ಹಾಗೆ" ಎಂದಳು.

ನಾನು ಸುಮ್ಮನೆ ನೋಡಿದೆ. ಅಂಗಡಿಯ ಅಕ್ಕಿಯಲ್ಲಿ ಕಲ್ಲು ಬರುತ್ತಿದ್ದ ಕಾಲದಲ್ಲಿ ಅಮ್ಮ ದಿನವೂ ಬೆಳಿಗ್ಗೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಹಾಕಿ ಅಕ್ಕಿ ಗಾಳಿಸುತ್ತಿದ್ದಳು. ಪಾತ್ರೆಯನ್ನು ಒಂದಿಷ್ಟೇ ವಾಲಿಸಿ ಸುತ್ತಿಸಬೇಕು, ನೀರಿನೊಂದಿಗೆ ಅಕ್ಕಿ ತೇಲಿ ಇನ್ನೊಂದು ಪಾತ್ರೆಗೆ ಜಾರಬೇಕು, ಕಲ್ಲು ತಳದಲ್ಲೇ ಉಳಿಯಬೇಕು. ರಭಸ ಮಾಡಿದರೆ ಕಲ್ಲೂ ಜೊತೆಗೆ ಹೋಗುತ್ತದೆ. "ಜೋರು ಮಾಡಿದ್ರೆ ಇದ್ರಲ್ಲಿ ಎಂತದೂ ಗೊತ್ತಾಗೋದಿಲ್ಲ ಅಲ್ವೇ" ಎಂದು ಮಲಗಿದಲ್ಲಿಂದಲೇ ಕೇಳಿದಳು. ವೇಬರ್ ಹೇಳಿದ್ದನ್ನು ನನಗೆ ಅರ್ಥ ಮಾಡಿಸಲು ನನ್ನ ಶಿಕ್ಷಕರಿಗೆ ಒಂದು ವರ್ಷ ಹಿಡಿದಿತ್ತು.

ಹಾಗೆಂದು ಹಳ್ಳಿಯ ಹೆಂಗಸರಿಗೆ ಇದೆಲ್ಲ ಮೊದಲೇ ತಿಳಿದಿತ್ತು ಎಂದು ಬರೆಯಲು ನನಗೆ ಇಷ್ಟವಿಲ್ಲ, ಅದು ನಿಜವಲ್ಲ. ಅಮ್ಮ ಕುಕ್ಕರುಗಾಲಿನಲ್ಲಿ ಅರ್ಧ ಗಂಟೆ ಕೂತು ಸೊಪ್ಪು ಬಿಡಿಸಬಲ್ಲಳು. ಆದರೆ ಎಡ ಹೆಗಲು ವರ್ಷಗಳಿಂದ ಬಿಗಿದಿರುವುದು ಅವಳಿಗೆ ಗೊತ್ತಿರಲಿಲ್ಲ. ಕೊಡ ಹೊತ್ತ ಪಕ್ಕ ಅದು. ದುಡಿಮೆ ಚಲನೆಯನ್ನು ಕೊಟ್ಟಿತು, ಬಿಡುವನ್ನು ಕೊಡಲಿಲ್ಲ. ಬಿಡುವಿಲ್ಲದೆ ಯಾರಿಗೂ ತಮ್ಮ ಮೈಯ ಮಾತು ಕೇಳಿಸದು. ಅವಳಿಂದ ನಾನು ಪಡೆದದ್ದು ಪದಗಳನ್ನು, ಅದರಲ್ಲೂ ಕ್ರಿಯಾಪದಗಳನ್ನು. ಬಾಗು, ಬಗ್ಗು, ವಾಲು, ಓಲಾಡು, ತೊನೆ, ಜಾರು, ಹೊರಳು, ಉರುಳು, ಮಗುಚು: ಇವು ಒಂದೊಂದೂ ಬೇರೆ ಚಲನೆ. ಹೊರಳುವಾಗ ಮನಸ್ಸಿದೆ, ಉರುಳುವಾಗ ಭಾರವಿದೆ. ಮಗ್ಗುಲಾಗುವ ಪಾಠದಲ್ಲಿ ಮೊದಲು ಹೊರಳಿ ಎಂದು ಹೇಳಿ ಆಮೇಲೆ ಉರುಳಿ ಎಂದರೆ, ಮೈ ತಾನಾಗಿಯೇ ಬಿಗಿ ಸಡಿಲಿಸುತ್ತದೆ. ಜರ್ಮನ್ನಿನಲ್ಲಿ ಇದನ್ನು ಮೂರು ವಾಕ್ಯಗಳಲ್ಲಿ ವಿವರಿಸಬೇಕಾಗುತ್ತಿತ್ತು.

ಊರಿನಿಂದ ಬಂದ ಮೇಲೆ ಗಡಿಯಾರದ ಪಾಠವನ್ನು ಕನ್ನಡದಲ್ಲಿ ಬರೆದು, ಹರಿದು, ಮತ್ತೆ ಬರೆದೆ. "ನಿಮ್ಮ ಗಮನವನ್ನು ಬಾಲದ ಮೂಳೆಗೆ ಕೊಂಡೊಯ್ಯಿರಿ" ಎಂಬಂಥ ವಾಕ್ಯಗಳನ್ನೆಲ್ಲ ತೆಗೆದೆ. ಓದಿ ಫೋನಿನಲ್ಲಿ ಧ್ವನಿ ಮುದ್ರಿಸಿ ಅಮ್ಮನಿಗೆ ಕಳಿಸಿದೆ. ಒಟ್ಟು ಮೂವತ್ತೆಂಟು ನಿಮಿಷ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳ ಧ್ವನಿಸಂದೇಶ ಬಂತು. ಹಿಂದೆ ಎಲ್ಲೋ ಮಿಕ್ಸರ್ ಶಬ್ದ, ಕಾಗೆಯ ಕೂಗು. "ಮಾಡಿದೆ ಮಗಾ. ಬೋಗುಣಿ ಮೂರು ಗಂಟೆ ಕಡೆ ಹೋಗ್ವಾಗ ನಂಗೆ ಉಸಿರು ನಿಲ್ತದೆ, ಒಂಬತ್ತರ ಕಡೆ ಹೋಗ್ವಾಗ ಇಲ್ಲ. ನಿಂಗೂ ಹಾಗೆ ಆಗ್ತದಾ ನೋಡಿ ಹೇಳು" ಎಂದಿದ್ದಳು. ನಾನು ಲ್ಯಾಪ್‌ಟಾಪ್ ಮುಚ್ಚಿ, ಕಂಬಳಿ ಹಾಸಿ, ಮಂಡಿ ಮಡಿಸಿ ಅಂಗಾತ ಮಲಗಿದೆ.